ಗಿಂಬಲ್ ಕೊಳ್ಳುವ ಮುನ್ನ ಅದನ್ನು ಹಿಡಿದು ನಡೆದು ನೋಡಿ

ಮದುವೆಯ ವಿಡಿಯೊ ಎಡಿಟ್ ಮಾಡಲು ಕುಳಿತಾಗ ಹಲವರಿಗೆ ಒಂದು ಅನುಮಾನ ಬರುತ್ತದೆ. ಛತ್ರದ ಬಾಗಿಲಿನಿಂದ ಮಂಟಪದವರೆಗೆ ಮದುಮಗಳ ಹಿಂದೆಯೇ ನಡೆದು ತೆಗೆದ ಶಾಟ್ ಅದು. ಕೈಯಲ್ಲಿ ಹೊಸ ಗಿಂಬಲ್ ಇತ್ತು, ಮೋಟರುಗಳು ಓಡುತ್ತಿದ್ದವು, ಕ್ಯಾಮೆರಾ ಎಲ್ಲೂ ಓರೆಯಾಗಿಲ್ಲ. ಆದರೂ ಪಕ್ಕದಲ್ಲಿ ಹಾದುಹೋಗುವ ಕಂಬಗಳು ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಕುಣಿಯುತ್ತಿವೆ. ಕೊಳ್ಳುವ ಮುನ್ನ ನೋಡಿದ ವಿಮರ್ಶೆಯಲ್ಲಿ ಇದೇ ಗಿಂಬಲ್ ಬೆಟ್ಟದ ತುದಿಯಲ್ಲಿ ಸಲೀಸಾಗಿ ತೇಲಿಹೋಗಿತ್ತು. ಹಾಗಾದರೆ ಅಂಗಡಿಯವ ಕೊಟ್ಟ ಪೀಸೇ ಸರಿಯಿಲ್ಲವೆ?

ಸಾಮಾನ್ಯವಾಗಿ ಪೀಸ್ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ವಿಮರ್ಶೆ ಮಾಡಿದ ಜಾಗದಲ್ಲಿ. ಬೆಟ್ಟದ ತುದಿಯಲ್ಲಿ ನಿಂತು ದೂರದ ಕಣಿವೆ ತೋರಿಸಿದರೆ ಯಾವ ಗಿಂಬಲ್ಲೂ ಪಾಸಾಗುತ್ತದೆ. ಅದರ ನಿಜವಾದ ಪರೀಕ್ಷೆ ನಡೆಯುವುದು ನಿಮ್ಮ ಕ್ಯಾಮೆರಾ ಹೊತ್ತು, ನಿಮ್ಮ ಕೈಯಲ್ಲಿ, ಒಂದು ಮೀಟರ್ ದೂರದಲ್ಲಿ ಕಂಬವಿರುವ ಕಡೆ ನಡೆಯುವಾಗ. ಆ ಪರೀಕ್ಷೆಯನ್ನು ಅಂಗಡಿಯಲ್ಲೋ ಮನೆಯ ಪಡಸಾಲೆಯಲ್ಲೋ ನೀವೇ ಮಾಡಿಕೊಳ್ಳಬಹುದು.

ತಿರುಗುವುದು ಬೇರೆ, ಎಗರುವುದು ಬೇರೆ

ಕೈಯಲ್ಲಿರುವ ಕ್ಯಾಮೆರಾ ಎರಡು ಬಗೆಯಲ್ಲಿ ಅಲುಗುತ್ತದೆ. ಮೊದಲನೆಯದು, ಇದ್ದ ಜಾಗದಲ್ಲೇ ತಿರುಗುವುದು. ಎಡಬಲಕ್ಕೆ ತಿರುಗಿದರೆ ಪ್ಯಾನ್, ಮೇಲೆ ಕೆಳಗೆ ತಲೆ ಆಡಿಸಿದರೆ ಟಿಲ್ಟ್, ಪಕ್ಕಕ್ಕೆ ವಾಲಿದರೆ ರೋಲ್. ಎರಡನೆಯದು, ಇಡೀ ಕ್ಯಾಮೆರಾ ಜಾಗ ಬದಲಿಸುವುದು: ಹೆಜ್ಜೆ ಇಟ್ಟಾಗ ಮೇಲೇಳುವುದು, ಕುಸಿಯುವುದು, ಅತ್ತಿತ್ತ ಸರಿಯುವುದು.

ಗಿಂಬಲ್ ಮೊದಲನೆಯದನ್ನು ಮಾತ್ರ ತಡೆಯುತ್ತದೆ. ಅದರೊಳಗಿನ ಗೈರೊಸ್ಕೋಪ್ ತಿರುಗುವಿಕೆಯನ್ನು ಅಳೆಯುತ್ತದೆ, ಆಕ್ಸೆಲರೊಮೀಟರ್ ನೆಲ ಯಾವ ಕಡೆಗಿದೆ ಎಂದು ಹೇಳುತ್ತದೆ. ಇವೆರಡರ ಮಾತು ಕೇಳಿ ಚಿಕ್ಕ ಕಂಪ್ಯೂಟರೊಂದು ಮೂರು ಬ್ರಷ್‌ಲೆಸ್ ಮೋಟರುಗಳನ್ನು ಎದುರು ದಿಕ್ಕಿಗೆ ತಿರುಗಿಸುತ್ತದೆ. ಈ ಕೆಲಸ ಪ್ರತಿ ಸೆಕೆಂಡಿಗೂ ನೂರಾರು ಸಲ ನಡೆಯುವುದರಿಂದ ಕೈ ನಡುಗಿದ್ದು ಲೆನ್ಸ್‌ಗೆ ತಲುಪುವುದೇ ಇಲ್ಲ.

ಇದೆಷ್ಟು ದೊಡ್ಡ ಉಪಕಾರ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ ಲೆನ್ಸ್ ಅಡ್ಡಲಾಗಿ ಸುಮಾರು 40 ಡಿಗ್ರಿ ನೋಡುತ್ತದೆ. ಕೈ ಒಂದೇ ಡಿಗ್ರಿ ತಿರುಗಿದರೂ ಚಿತ್ರ ತನ್ನ ಅಗಲದ ನಲವತ್ತನೆಯ ಒಂದು ಭಾಗದಷ್ಟು ಸರಿಯುತ್ತದೆ. 1920 ಪಿಕ್ಸೆಲ್ ಅಗಲದ ವಿಡಿಯೊದಲ್ಲಿ ಅದು ಹೆಚ್ಚುಕಡಿಮೆ 48 ಪಿಕ್ಸೆಲ್. 200 ಮಿ.ಮೀ ಲೆನ್ಸ್ ಆದರೆ ಅದೇ ಒಂದು ಡಿಗ್ರಿಗೆ ಚಿತ್ರದ ಹತ್ತನೆಯ ಒಂದು ಭಾಗ ಹಾರಿಹೋಗುತ್ತದೆ. ಈ ತಿರುಗುವಿಕೆ ಹತ್ತಿರದ ವಸ್ತುವನ್ನೂ ದೂರದ ಬೆಟ್ಟವನ್ನೂ ಒಂದೇ ಸಮ ಅಲುಗಿಸುತ್ತದೆ.

ಎಗರುವುದರ ಲೆಕ್ಕವೇ ಬೇರೆ. ನಾವು ನಡೆಯುವಾಗ ಪ್ರತಿ ಹೆಜ್ಜೆಗೂ ದೇಹ ಸುಮಾರು ನಾಲ್ಕೈದು ಸೆಂ.ಮೀ ಏರಿ ಇಳಿಯುತ್ತದೆ. ಒಂದು ಮೀಟರ್ ದೂರದ ಕಂಬದ ಮಟ್ಟಿಗೆ 4 ಸೆಂ.ಮೀ ಏರಿಳಿತವೆಂದರೆ ಎರಡು ಡಿಗ್ರಿಗಿಂತ ಹೆಚ್ಚು. ಐದು ಮೀಟರ್ ದೂರದ ಮಂಟಪಕ್ಕೆ ಅರ್ಧ ಡಿಗ್ರಿಗೂ ಕಡಿಮೆ. ಕಣಿವೆಯಾಚೆಯ ಬೆಟ್ಟಕ್ಕೆ ಸೊನ್ನೆ. ಬೆಟ್ಟದ ತುದಿಯ ವಿಮರ್ಶೆ ಯಾವುದಕ್ಕೂ ಬಾರದು ಎಂದದ್ದು ಇದಕ್ಕೇ.

ಹಳೆಯ ಸಿನಿಮಾ ಮಂದಿ ಈ ಎಗರುವಿಕೆಯನ್ನೂ ಗೆದ್ದಿದ್ದರು. ಅಮೆರಿಕದ ಗ್ಯಾರೆಟ್ ಬ್ರೌನ್ ರೂಪಿಸಿದ ಸ್ಟೆಡಿಕ್ಯಾಮ್ 1976ರಲ್ಲಿ 'ಬೌಂಡ್ ಫಾರ್ ಗ್ಲೋರಿ', 'ರಾಕಿ' ಚಿತ್ರಗಳಲ್ಲಿ ತೆರೆಗೆ ಬಂತು. ಅದರಲ್ಲಿ ಕ್ಯಾಮೆರಾವನ್ನು ತಿರುಗಿಸಿ ಹಿಡಿಯುವ ಮೋಟರುಗಳಿರಲಿಲ್ಲ. ತೂಕವನ್ನು ಕಂಬಿಯ ಎರಡೂ ತುದಿಗೆ ಹಂಚಿ, ಎದೆಗೆ ಕಟ್ಟಿದ ಅಂಗಿಗೂ ಕ್ಯಾಮೆರಾಕ್ಕೂ ನಡುವೆ ಸ್ಪ್ರಿಂಗ್ ತೋಳನ್ನು ಜೋಡಿಸಲಾಗಿತ್ತು. ಹೆಜ್ಜೆಯ ಕುಲುಕಾಟವನ್ನು ಆ ತೋಳು ನುಂಗುತ್ತಿತ್ತು. 2013ರಲ್ಲಿ ಫ್ರೀಫ್ಲೈ ಸಂಸ್ಥೆ ಮೋವಿ ಎಂಬ ಮೋಟರ್ ಗಿಂಬಲ್ ತೋರಿಸಿದ ಮೇಲೆ ತೂಕ, ಬೆಲೆ ಎರಡೂ ಇಳಿಯುತ್ತ ಬಂದವು. ಇವತ್ತು ಒಂದು ಕೈಯಲ್ಲಿ ಹಿಡಿಯುವ ಗಿಂಬಲ್‌ಗೆ ಆ ಸ್ಪ್ರಿಂಗ್ ತೋಳಿಲ್ಲ. ಅದರ ಕೆಲಸವನ್ನು ನಿಮ್ಮ ಮೊಣಕಾಲೇ ಮಾಡಬೇಕು.

ಮೊದಲು ಅಡುಗೆಮನೆಯ ತಕ್ಕಡಿ

ಡಬ್ಬಿಯ ಮೇಲೆ ಎದ್ದುಕಾಣುವ ಸಂಖ್ಯೆ ಅದು ಹೊರಬಲ್ಲ ತೂಕ. ಉದಾಹರಣೆಗೆ 2023ರ ಜನವರಿಯಲ್ಲಿ ಬಂದ ಡಿಜೆಐ ಆರ್‌ಎಸ್ 3 ಮಿನಿ ತೆಗೆದುಕೊಳ್ಳಿ. ಮದುವೆ, ಯೂಟ್ಯೂಬ್, ಕಿರುಚಿತ್ರ ಮಾಡುವವರ ಕೈಯಲ್ಲಿ ಹೆಚ್ಚಾಗಿ ಕಾಣುವ ವರ್ಗದ ಗಿಂಬಲ್ ಇದು. ತನ್ನ ತೂಕ ಸುಮಾರು 850 ಗ್ರಾಂ, ಹೊರುವುದು 2 ಕೆ.ಜಿ. ಅದಕ್ಕೂ ಹಿಂದಿನ ವರ್ಷ ಬಂದ ಆರ್‌ಎಸ್ 3 ಸುಮಾರು 1.3 ಕೆ.ಜಿ ತೂಗುತ್ತದೆ, 3 ಕೆ.ಜಿ ಹೊರುತ್ತದೆ. ಕಾಗದದ ಮೇಲೆ ದೊಡ್ಡದೇ ಮೇಲು ಎನಿಸುತ್ತದೆ.

ಈಗ ನಿಮ್ಮ ಕ್ಯಾಮೆರಾ ತೂಗಿ. ಸೋನಿ ಜಡ್‌ವಿ-ಇ10 ಬ್ಯಾಟರಿ ಸಮೇತ 343 ಗ್ರಾಂ, ಅದರ ಜೊತೆ ಬರುವ 16-50 ಕಿಟ್ ಲೆನ್ಸ್ 116 ಗ್ರಾಂ. ಒಟ್ಟು ಅರ್ಧ ಕೆ.ಜಿ.ಯೂ ಇಲ್ಲ. ಇದಕ್ಕೆ 3 ಕೆ.ಜಿ ಹೊರುವ ಗಿಂಬಲ್ ಕೊಂಡರೆ ಕ್ಯಾಮೆರಾಕ್ಕಿಂತ ಸುಮಾರು ಮೂರು ಪಟ್ಟು ಭಾರದ ಕಬ್ಬಿಣವನ್ನು ದಿನವಿಡೀ ಹೊರುತ್ತೀರಿ. ಅದೇ ಸೋನಿ ಎ7-4 ಆದರೆ 658 ಗ್ರಾಂ, ಮೇಲೆ 24-70 ಜಿಎಂ ಎರಡನೆಯ ಆವೃತ್ತಿಯ ಲೆನ್ಸ್ 695 ಗ್ರಾಂ. ಇಲ್ಲಿಗೆ 1,353 ಗ್ರಾಂ. ಮೈಕ್, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್, ಕೇಜ್, ಒಂದು ಚಿಕ್ಕ ಮಾನಿಟರ್ ಸೇರಿಸುತ್ತ ಹೋದರೆ 2 ಕೆ.ಜಿ ದೂರವೇನಲ್ಲ. ಮಿತಿಯ ಮುಕ್ಕಾಲು ಪಾಲಿನಷ್ಟು ತೂಕದಲ್ಲಿ ನಿಲ್ಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮೋಟರಿಗೆ ಹಠಾತ್ ತಿರುವಿನಲ್ಲಿ ಬಳಸಲು ಸ್ವಲ್ಪ ಶಕ್ತಿ ಮಿಕ್ಕಿರಬೇಕು.

ಕೈಗೆ ಬೀಳುವ ಒಟ್ಟು ಭಾರವನ್ನೂ ಕೂಡಿಸಿ. ಎ7-4 ಜೊತೆ ಮಿನಿ ಗಿಂಬಲ್ 2.2 ಕೆ.ಜಿ, ದೊಡ್ಡ ಗಿಂಬಲ್ 2.6 ಕೆ.ಜಿ ದಾಟುತ್ತದೆ. ಈ ಭಾರ ಮೈಗೆ ಅಂಟಿಕೊಂಡಿರುವುದಿಲ್ಲ, ಚಾಚಿದ ಕೈಯ ತುದಿಯಲ್ಲಿರುತ್ತದೆ. ಮುಹೂರ್ತ ಬೆಳಗಿನ ಆರಕ್ಕಿದ್ದು ಆರತಕ್ಷತೆ ರಾತ್ರಿ ಹತ್ತಕ್ಕೆ ಮುಗಿಯುವ ಮದುವೆಯಲ್ಲಿ ಆ 450 ಗ್ರಾಂ ವ್ಯತ್ಯಾಸವನ್ನು ಮಣಿಕಟ್ಟು ಮರೆಯುವುದಿಲ್ಲ.

ತೂಕದಷ್ಟೇ ಮುಖ್ಯ ಆಕಾರ. ಹಗುರವಾದರೂ ಉದ್ದವಾದ ಲೆನ್ಸನ್ನು ಮೇಲಕ್ಕೆ ಮಾಡಿದಾಗ ಅದರ ಹಿಂಬದಿಯ ಕ್ಯಾಮೆರಾ ಗಿಂಬಲ್ಲಿನ ತೋಳಿಗೆ ತಾಗಬಹುದು. ಪಕ್ಕಕ್ಕೆ ತೆರೆದುಕೊಳ್ಳುವ ಪರದೆ ರೋಲ್ ಮೋಟರಿಗೆ ಬಡಿಯಬಹುದು. ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಾಗಿ ಕ್ಯಾಮೆರಾ ಒಯ್ಯದೆ ಅಂಗಡಿಗೆ ಹೋಗಬೇಡಿ.

ಬ್ಯಾಲೆನ್ಸ್ ಮಾಡುವ ಕ್ರಮ

ಗಿಂಬಲ್ ಆನ್ ಮಾಡಿದರೆ ಮೋಟರೇ ಕ್ಯಾಮೆರಾವನ್ನು ನೆಟ್ಟಗೆ ಹಿಡಿಯುತ್ತದಲ್ಲ, ಬ್ಯಾಲೆನ್ಸ್ ಯಾಕೆ ಎಂದು ಕೇಳುವವರಿದ್ದಾರೆ. ಮೋಟರ್ ಹಿಡಿಯುತ್ತದೆ ನಿಜ. ಆದರೆ ವಾಲಿದ ಭಾರವನ್ನು ಹಿಡಿದಿಡುವುದಕ್ಕೇ ಅದರ ಶಕ್ತಿ ಖರ್ಚಾಗುತ್ತಿರುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ, ಮೋಟರ್ ಬಿಸಿಯಾಗುತ್ತದೆ, ನೀವು ಸರಕ್ಕನೆ ತಿರುಗಿದಾಗ ತಡೆಯಲು ಬಲ ಉಳಿದಿರುವುದಿಲ್ಲ. ಗಿಂಬಲ್ ಕೆಟ್ಟಿದೆ ಎಂಬ ದೂರುಗಳಲ್ಲಿ ಅರೆಬರೆ ಬ್ಯಾಲೆನ್ಸಿನ ಪಾಲು ದೊಡ್ಡದು.

1. ಕ್ಯಾಮೆರಾವನ್ನು ಶೂಟಿಂಗಿಗೆ ಪೂರ್ತಿ ಸಿದ್ಧಮಾಡಿ. ಬ್ಯಾಟರಿ, ಕಾರ್ಡ್, ಮೈಕ್, ಫಿಲ್ಟರ್ ಎಲ್ಲವೂ ಇರಲಿ. ಲೆನ್ಸ್ ಮುಚ್ಚಳ ತೆಗೆದಿರಲಿ. ಪರದೆ ತೆರೆದು ಶೂಟ್ ಮಾಡುವವರು ತೆರೆದೇ ಇಡಿ. ಕ್ಯಾಮೆರಾ ಆನ್ ಮಾಡಿ; 16-50 ಕಿಟ್ ಲೆನ್ಸಿನಂಥವು ಆನ್ ಆದಾಗ ಮುಂದಕ್ಕೆ ಚಾಚಿಕೊಳ್ಳುತ್ತವೆ, ತೂಕದ ಕೇಂದ್ರ ಅಲ್ಲೇ ಬದಲಾಗುತ್ತದೆ.

2. ಗಿಂಬಲ್ ಆಫ್ ಇರಲಿ. ಕಾಲು ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿ. ಮೂರು ಲಾಕುಗಳಲ್ಲಿ ಟಿಲ್ಟ್ ಲಾಕ್ ಮಾತ್ರ ಬಿಡಿಸಿ.

3. ಲೆನ್ಸ್ ನೇರವಾಗಿ ಮುಂದೆ ನೋಡಲಿ. ಮುಂದಕ್ಕೆ ಮುಗ್ಗರಿಸಿದರೆ ಕ್ಯಾಮೆರಾವನ್ನು ಹಿಂದಕ್ಕೆ ಜಾರಿಸಿ, ಹಿಂದಕ್ಕೆ ಬಿದ್ದರೆ ಮುಂದಕ್ಕೆ. ಆಮೇಲೆ ಲೆನ್ಸನ್ನು ಆಕಾಶಕ್ಕೆ ಮಾಡಿ, ಹಾಗೆಯೇ ನಿಲ್ಲುವವರೆಗೆ ಎತ್ತರ ಹೊಂದಿಸಿ. ಕೊನೆಗೆ 45 ಡಿಗ್ರಿಗೆ ವಾಲಿಸಿ ಕೈಬಿಡಿ. ಬಿಟ್ಟಲ್ಲೇ ನಿಂತರೆ ಟಿಲ್ಟ್ ಮುಗಿಯಿತು. ಜಾರಿದರೆ ಎರಡನ್ನೂ ಮತ್ತೊಮ್ಮೆ ನೋಡಿ. ಇಲ್ಲಿ ಅವಸರ ಬೇಡ, ಮುಂದಿನ ಎರಡು ಹೆಜ್ಜೆ ಇದರ ಮೇಲೆ ನಿಂತಿವೆ.

4. ರೋಲ್ ಲಾಕ್ ಬಿಡಿಸಿ. ಕ್ಯಾಮೆರಾ ಯಾವ ಪಕ್ಕಕ್ಕೆ ವಾಲುತ್ತದೋ ಅದರ ಎದುರು ಪಕ್ಕಕ್ಕೆ ತೋಳನ್ನು ಜಾರಿಸಿ.

5. ಪ್ಯಾನ್ ಲಾಕ್ ಬಿಡಿಸಿ, ಹಿಡಿಕೆಯನ್ನು ಓರೆಯಾಗಿ ಎತ್ತಿ ಹಿಡಿಯಿರಿ. ತೋಳು ತಾನಾಗಿ ಒಂದು ಕಡೆಗೆ ತೂಗಿದರೆ ಇನ್ನೂ ಸರಿಯಾಗಿಲ್ಲ. ಹಿಡಿಕೆ ನೆಟ್ಟಗಿದ್ದಾಗ ಈ ದೋಷ ಕಾಣುವುದೇ ಇಲ್ಲ, ಹಾಗಾಗಿ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ.

6. ಈಗ ಆನ್ ಮಾಡಿ, ಆಟೊ ಟ್ಯೂನ್ ಒತ್ತಿ, ಕೈ ಹಿಂತೆಗೆಯಿರಿ. ಕ್ಯಾಮೆರಾದ ತೂಕಕ್ಕೆ ತಕ್ಕಂತೆ ಮೋಟರಿನ ಬಿಗುವನ್ನು ಅದೇ ಹೊಂದಿಸಿಕೊಳ್ಳುತ್ತದೆ. ಲೆನ್ಸ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಮೊದಲ ಸಲ ಇದಕ್ಕೆ ಕಾಲು ಗಂಟೆ ಹಿಡಿದರೆ ಬೇಸರ ಬೇಡ. ಆದರೆ ಗಿಂಬಲ್ ಪರೀಕ್ಷಿಸುವಾಗ ಈ ಕೆಲಸ ಎಷ್ಟು ಸಲೀಸು ಎಂಬುದನ್ನೇ ಮೊದಲ ಅಂಕವಾಗಿ ಗಮನಿಸಿ. ಜಾರಿಸುವ ಪಟ್ಟಿಗಳ ಮೇಲೆ ಅಳತೆಯ ಗೆರೆಗಳಿವೆಯೆ? ಸಾಮಾನ್ಯವಾಗಿ ಬಳಸುವ ಲೆನ್ಸಿನ ಗೆರೆಯನ್ನು ಬರೆದಿಟ್ಟುಕೊಂಡರೆ ಮುಂದಿನ ಸಲ ಒಂದೆರಡು ನಿಮಿಷ ಸಾಕು. ತಿರುಪು ಬಿಗಿಮಾಡುವಾಗ ಹೊಂದಿಸಿದ ಜಾಗ ಸರಿದುಹೋಗುತ್ತದೆಯೆ? ಹಾಗಾದರೆ ಆ ಗಿಂಬಲ್ ದಿನಾ ನಿಮ್ಮ ತಾಳ್ಮೆ ತಿನ್ನುತ್ತದೆ. ಆರ್‌ಎಸ್ 3ರಲ್ಲಿ ಲಾಕುಗಳು ಆನ್ ಮಾಡಿದಾಗ ತಾವಾಗಿಯೇ ಬಿಟ್ಟುಕೊಳ್ಳುತ್ತವೆ, ಮಿನಿಯಲ್ಲಿ ಮೂರನ್ನೂ ಕೈಯಿಂದ ಬಿಡಿಸಬೇಕು. ನಿಧಾನವಾಗಿ ಕೆಲಸ ಮಾಡುವವರಿಗೆ ಇದೇನೂ ದೊಡ್ಡ ವಿಷಯವಲ್ಲ. ತಾಳಿ ಕಟ್ಟುವ ಹೊತ್ತಿಗೆ ಚೀಲದಿಂದ ತೆಗೆದು ಓಡಬೇಕಾದವರಿಗೆ ದೊಡ್ಡದೇ.

ಪರೀಕ್ಷೆ: ಎಂಟು ಪ್ರಶ್ನೆಗಳು

1. ಸದ್ದು. ಮೈಕ್ ಹಚ್ಚಿ, ಸದ್ದಿಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ, ಹೆಡ್‌ಫೋನಿನಲ್ಲಿ ಕೇಳಿ. ಬ್ಯಾಲೆನ್ಸ್ ಸರಿಯಿದ್ದೂ ಗುಂಯ್ ಎನ್ನುವ ಸದ್ದು ಬಂದರೆ ಬಿಗುವು ಹೆಚ್ಚಾಗಿದೆ. ಕಡಿಮೆ ಮಾಡಿದರೂ ಹೋಗದಿದ್ದರೆ ಆ ಗಿಂಬಲ್ಲಿನ ಮೇಲೆ ಸಂದರ್ಶನ ಮಾಡುವ ಆಸೆ ಬಿಡಿ.

2. ಸುಮ್ಮನೆ ನಿಲ್ಲುವುದು. ಬಾಗಿಲ ಚೌಕಟ್ಟನ್ನು ಫ್ರೇಮಿನ ಅಂಚಿಗೆ ಹೊಂದಿಸಿ ಒಂದೆರಡು ನಿಮಿಷ ಅಲುಗದೆ ನಿಲ್ಲಿ. ಗೆರೆ ನಿಧಾನವಾಗಿ ವಾಲುತ್ತಿದ್ದರೆ ಸಮತಟ್ಟಾದ ಜಾಗದಲ್ಲಿಟ್ಟು ಕ್ಯಾಲಿಬ್ರೇಶನ್ ಮಾಡಬೇಕು. ಮಾಡಿದ ಮೇಲೂ ವಾಲಿದರೆ ಬೇರೆ ಪೀಸ್ ಕೇಳಿ.

3. ತಿರುಗಿ ನಿಲ್ಲುವುದು. ಮಧ್ಯಮ ವೇಗದಲ್ಲಿ ಎಡಕ್ಕೆ ತಿರುಗಿ ಥಟ್ಟನೆ ನಿಲ್ಲಿ. ಕ್ಯಾಮೆರಾ ಗುರಿ ದಾಟಿ ಮುಂದೆ ಹೋಗಿ ಹಿಂದೆ ಬರುತ್ತದೆಯೆ? ಒಳ್ಳೆಯ ಗಿಂಬಲ್ ಸ್ವಲ್ಪ ತಡವಾಗಿ ಬಂದರೂ ಮೆಲ್ಲಗೆ ನಿಲ್ಲುತ್ತದೆ, ಹಿಂದಕ್ಕೆ ಪುಟಿಯುವುದಿಲ್ಲ.

4. ಕಂಬದ ನಡಿಗೆ. ಎಂಟರಲ್ಲಿ ಮುಖ್ಯವಾದದ್ದು ಇದೇ. ಸಾಲುಕಂಬದ ಪಡಸಾಲೆ, ಅಂಗಡಿ ಬೀದಿಯ ಮುಂಗಟ್ಟು, ಮನೆಯ ಎರಡು ಬಾಗಿಲ ನಡುವಿನ ಜಾಗ, ಯಾವುದಾದರೂ ಆದೀತು. ಒಂದು ಪಕ್ಕದಲ್ಲಿ ಒಂದು ಮೀಟರಿನೊಳಗೆ ವಸ್ತುಗಳಿರಬೇಕು, ಎದುರಿಗೆ ಐದಾರು ಮೀಟರ್ ದೂರದಲ್ಲಿ ಒಬ್ಬರು ನಡೆಯುತ್ತಿರಬೇಕು. ಒಂದೇ ಲೆನ್ಸಿನಲ್ಲಿ, ಒಂದೇ ದಾರಿಯಲ್ಲಿ, ಮೂರು ಸಲ ತೆಗೆಯಿರಿ: ಬರಿಗೈಯಲ್ಲಿ ಕ್ಯಾಮೆರಾದ ಒಳಗಿನ ಸ್ಟೆಬಿಲೈಸೇಶನ್ ಹಾಕಿ, ಗಿಂಬಲ್ ಮೇಲೆ ಅದನ್ನು ಆಫ್ ಮಾಡಿ, ಗಿಂಬಲ್ ಮೇಲೆ ಅದನ್ನು ಆನ್ ಮಾಡಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಿಮ್ಮ ಕಣ್ಣಿಗೆ ಹೇಳಿಕೊಳ್ಳುವಂಥ ಅಂತರ ಕಾಣದಿದ್ದರೆ ದುಡ್ಡು ಉಳಿಸಿ.

5. ಮೆಟ್ಟಿಲು. ಇಳಿಯುವಾಗಿನ ಕುಕ್ಕು ಹತ್ತುವಾಗಿನದಕ್ಕಿಂತ ಹೆಚ್ಚು. ಇಳಿಯುತ್ತಲೇ ಪರೀಕ್ಷಿಸಿ.

6. ತಿರುವಿನ ರಸ್ತೆ. ಕಾರಿನ ಕಿಟಕಿಯಿಂದ ಘಟ್ಟ ತೋರಿಸುವ ಆಸೆ ಇರುವವರಿಗೆ ಇದು ಬೇಕು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಉದ್ದನೆಯ ತಿರುವಿನಲ್ಲಿ ಕಾರು ಹೋಗುವಾಗ ನಿಮ್ಮ ಮೈ ಪಕ್ಕಕ್ಕೆ ವಾಲುತ್ತದಲ್ಲ, ಆ ಬಲವನ್ನು ಆಕ್ಸೆಲರೊಮೀಟರ್ ಭೂಮಿಯ ಸೆಳೆತದ ಜೊತೆ ಕಲಸಿಕೊಳ್ಳುತ್ತದೆ. ದಿಗಂತ ನಿಧಾನವಾಗಿ ಓರೆಯಾಗುತ್ತದೆ. ತಿರುವು ಮುಗಿದ ಮೇಲೆ ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದರಲ್ಲಿ ಗಿಂಬಲ್ಲಿಂದ ಗಿಂಬಲ್ಲಿಗೆ ವ್ಯತ್ಯಾಸವಿದೆ.

7. ಉದ್ದ ಫ್ರೇಮ್. ರೀಲ್ಸ್ ಮಾಡುವವರು ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ಬದಲಿಸಿ ಮತ್ತೆ ಬ್ಯಾಲೆನ್ಸ್ ಮಾಡಲು ಎಷ್ಟು ಹೊತ್ತಾಗುತ್ತದೆ ನೋಡಿ. ಬೇರೆ ಬಿಡಿಭಾಗ ಬೇಕೆಂದರೆ ಅದರ ಬೆಲೆಯನ್ನೂ ಕೂಡಿಸಿ.

8. ಕೈನೋವು. ಅಂಗಡಿಯಲ್ಲೇ ಐದು ನಿಮಿಷ ಎತ್ತಿ ಹಿಡಿದು ಸುತ್ತಾಡಿ. ಅಂಗಡಿಯವ ನಗಲಿ ಬಿಡಿ. ಹೆಬ್ಬೆರಳು ಜಾಯ್‌ಸ್ಟಿಕ್ಕಿಗೂ ತೋರುಬೆರಳು ಟ್ರಿಗರಿಗೂ ಹಿಡಿತ ಬದಲಿಸದೆ ತಲುಪಬೇಕು.

ಫಲಿತಾಂಶವನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಟಿವಿಯಲ್ಲಿ ಹಾಕಿ, ಮಾಮೂಲಿ ವೇಗದಲ್ಲಿ ನೋಡಿ. ಸ್ಲೋ ಮೋಶನ್ ಹೆಜ್ಜೆಯ ಕುಕ್ಕನ್ನು ಹಿಗ್ಗಿಸಿ ಅಲೆಯಂತೆ ಮಾಡಿಬಿಡುತ್ತದೆ. ವಿಮರ್ಶೆಯೊಂದರಲ್ಲಿ ಅರ್ಧಕ್ಕರ್ಧ ಸ್ಲೋ ಮೋಶನ್ ಇದ್ದರೆ ಆ ವಿಮರ್ಶೆಯನ್ನು ನಂಬುವ ಅಗತ್ಯವಿಲ್ಲ.

ಬ್ಯಾಟರಿಯ ವಿಷಯ ಚಿಕ್ಕದಾಗಿ ಹೇಳುವುದಾದರೆ, ಮಿನಿಗೆ ಸಂಸ್ಥೆ ಹೇಳುವ 10 ಗಂಟೆ ಬ್ಯಾಲೆನ್ಸ್ ಆದ ಗಿಂಬಲ್ ಅಲುಗದೆ ನಿಂತಿದ್ದಾಗಿನ ಲೆಕ್ಕ. ನಡೆದಾಡಿದರೆ ಕಡಿಮೆಯೇ. ಇದರ ಬ್ಯಾಟರಿ ಒಳಗೇ ಕೂತಿದೆ, ಬದಲಿಸಲು ಬರುವುದಿಲ್ಲ. ಒಂದು ಪವರ್‌ಬ್ಯಾಂಕ್ ಜೊತೆಗಿರಲಿ.

ಗಿಂಬಲ್ಲಿನ ತಪ್ಪಲ್ಲದ ತಪ್ಪುಗಳು

ಕ್ಯಾಮೆರಾ ಸೆಟ್ಟಿಂಗ್ ಕೆಟ್ಟಿದ್ದರೆ ಬೈಗುಳ ಗಿಂಬಲ್‌ಗೆ ಬೀಳುತ್ತದೆ. ಮೊದಲನೆಯದು ಸೆನ್ಸರ್ ಸ್ಟೆಬಿಲೈಸೇಶನ್. ಕ್ಯಾಮೆರಾದೊಳಗಿನ ಸೆನ್ಸರ್ ತಾನೂ ಅಲುಗಾಟ ತಡೆಯಲು ಹೊರಟಾಗ, ನೀವು ಬೇಕೆಂದೇ ಮಾಡಿದ ತಿರುವನ್ನೂ ಅಲುಗಾಟವೆಂದು ತಿಳಿದು ಎಳೆದು ಹಿಡಿಯುತ್ತದೆ, ಆಮೇಲೆ ಒಮ್ಮೆಲೇ ಬಿಡುತ್ತದೆ. ವೈಡ್ ಲೆನ್ಸಿನಲ್ಲಿ ಫ್ರೇಮಿನ ಮೂಲೆಗಳು ಜೋಲಾಡುವುದು ಇದರಿಂದಲೇ. ಹಾಗೆಂದು ಎಲ್ಲ ಕ್ಯಾಮೆರಾದಲ್ಲೂ ಆಫ್ ಮಾಡಲೇಬೇಕು ಎಂಬ ನಿಯಮವಿಲ್ಲ. ಉದ್ದನೆಯ ಲೆನ್ಸಿನಲ್ಲಿ ಕೆಲವು ಸಲ ಆನ್ ಇದ್ದರೇ ಸಣ್ಣ ನಡುಕ ಕಡಿಮೆಯಾಗುತ್ತದೆ. ಕಂಬದ ನಡಿಗೆಯನ್ನು ಮೂರು ಸಲ ತೆಗೆಯಲು ಹೇಳಿದ್ದು ಅದಕ್ಕೆ.

ಎರಡನೆಯದು ಶಟರ್. ಬಿಸಿಲಲ್ಲಿ ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಶಟರ್ 1/1000ಕ್ಕೋ 1/2000ಕ್ಕೋ ಏರುತ್ತದೆ. ಪ್ರತಿ ಫ್ರೇಮೂ ಕತ್ತರಿಸಿದಷ್ಟು ಚೂಪಾಗಿ ಬಂದು, ಗಿಂಬಲ್ ತಡೆಯದ ಸಣ್ಣ ಕುಕ್ಕುಗಳೆಲ್ಲ ಎದ್ದು ಕಾಣುತ್ತವೆ. 25 ಫ್ರೇಮ್‌ಗೆ 1/50 ಇಟ್ಟರೆ ಚಲನೆಯಲ್ಲಿ ಒಂದಿಷ್ಟು ಮಸುಕು ಬಂದು ಕಣ್ಣಿಗೆ ಹಿತವಾಗುತ್ತದೆ. ಹಗಲಲ್ಲಿ ಇದಕ್ಕೆ ಎನ್‌ಡಿ ಫಿಲ್ಟರ್ ಬೇಕಾಗುತ್ತದೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 25 ಅಥವಾ 50 ಫ್ರೇಮಿನಲ್ಲಿ 1/50 ಅಥವಾ 1/100 ಶಟರ್ ಇಟ್ಟರೆ ಛತ್ರದ ಟ್ಯೂಬ್‌ಲೈಟುಗಳು ಪಟ್ಟೆಪಟ್ಟೆಯಾಗಿ ಓಡುವುದಿಲ್ಲ. ಕ್ಯಾಮೆರಾ 30 ಮತ್ತು 60 ಫ್ರೇಮ್ ಮಾತ್ರ ತೋರಿಸುತ್ತಿದ್ದರೆ ಮೆನುವಿನಲ್ಲಿ ಅದನ್ನು ಪಾಲ್ (PAL) ಪದ್ಧತಿಗೆ ಬದಲಿಸಿ.

ಮೂರನೆಯದು ಫಾಲೋ ವೇಗ. ಹೊಸಬರಿಗೆ ಪ್ಯಾನ್ ಫಾಲೋ ಮೋಡ್ ಸಾಕು. ಅದರಲ್ಲಿ ಟಿಲ್ಟ್, ರೋಲ್ ಎರಡೂ ಕಟ್ಟಿಹಾಕಿದಂತಿದ್ದು ಎಡಬಲಕ್ಕೆ ಮಾತ್ರ ಕ್ಯಾಮೆರಾ ನಿಮ್ಮ ಕೈಯನ್ನು ಹಿಂಬಾಲಿಸುತ್ತದೆ. ವೇಗ ಹೆಚ್ಚಿಟ್ಟರೆ ಕೈಯ ಪ್ರತಿ ಅಳುಕೂ ಚಿತ್ರಕ್ಕೆ ಬರುತ್ತದೆ, ತೀರಾ ಕಡಿಮೆ ಇಟ್ಟರೆ ಮದುಮಗಳು ಫ್ರೇಮ್ ದಾಟಿ ಹೋದ ಮೇಲೆ ಕ್ಯಾಮೆರಾ ಹೊರಡುತ್ತದೆ. ಅಂಗಡಿಯಲ್ಲಿ ಎರಡು ಗಿಂಬಲ್ ಹೋಲಿಸುವಾಗ ಎರಡರಲ್ಲೂ ಈ ವೇಗ ಒಂದೇ ಮಟ್ಟದಲ್ಲಿದೆಯೆ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ನಡೆಯುವುದನ್ನು ಕಲಿಯಿರಿ

ತುಂಬಿದ ಕೊಡವನ್ನು ತಲೆಯ ಮೇಲಿಟ್ಟು ಬರುವವರ ಕಾಲು ಗಮನಿಸಿದವರಿಗೆ ಈ ಪಾಠ ಅರ್ಧ ಬಂದಂತೆಯೇ. ಮೊಣಕಾಲು ಸ್ವಲ್ಪ ಬಾಗಿರಬೇಕು, ಹೆಜ್ಜೆ ಚಿಕ್ಕದಿರಬೇಕು, ಹಿಮ್ಮಡಿ ಮೊದಲು ಊರಿ ಪಾದವನ್ನು ಬೆರಳಿನತ್ತ ಉರುಳಿಸಬೇಕು. ಹಿಂದಕ್ಕೆ ನಡೆಯುವಾಗ ಇದು ತಿರುಗುಮುರುಗು: ಬೆರಳು ಮೊದಲು, ಹಿಮ್ಮಡಿ ಆಮೇಲೆ. ಮೊಣಕೈ ಪಕ್ಕೆಗೆ ಹತ್ತಿರವಿರಲಿ, ಆದರೆ ಒತ್ತಿಕೊಂಡಿರಬಾರದು. ಒತ್ತಿದರೆ ಸೊಂಟದ ಕುಲುಕು ನೇರವಾಗಿ ಹಿಡಿಕೆಗೆ ಹೋಗುತ್ತದೆ. ಸಾಧ್ಯವಾದಾಗಲೆಲ್ಲ ಎರಡು ಕೈ ಬಳಸಿ.

ಉಳಿದ ಕೆಲಸವನ್ನು ಫ್ರೇಮಿನ ಆಯ್ಕೆಗೆ ಬಿಡಿ. ಮೇಲಿನ ಲೆಕ್ಕ ನೆನಪಿದೆಯಲ್ಲ, ಹತ್ತಿರದ ವಸ್ತುವೇ ಕುಣಿಯುವುದು. ನಡೆಯುವ ಶಾಟಿನಲ್ಲಿ ಅಂಚಿನ ಕಂಬ, ಎದುರಿನ ಕುರ್ಚಿ ಸಾಲು ಫ್ರೇಮಿಗೆ ಬರದಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅರ್ಧ ಕುಕ್ಕು ಮಾಯ. ವೈಡ್ ಲೆನ್ಸ್ ಕುಕ್ಕನ್ನು ಚಿಕ್ಕದಾಗಿ ತೋರಿಸುತ್ತದೆ, ಹಾಗಾಗಿ ನಡೆಯುವಾಗ 24 ಮಿ.ಮೀ ಅಥವಾ ಅದಕ್ಕೂ ವೈಡ್ ಇರಲಿ. ನಿಂತು ತಿರುಗುವ ಶಾಟ್‌ಗಳಿಗೆ ಉದ್ದ ಲೆನ್ಸ್ ಬಳಸಬಹುದು.

ಹೊಸಬರು ಸಾಮಾನ್ಯವಾಗಿ ಎಡವುವುದು

ಲೆನ್ಸ್ ಜೂಮ್ ಮಾಡಿ ಬ್ಯಾಲೆನ್ಸ್ ಮರೆಯುವುದು. ಕೊಳವೆ ಮುಂದಕ್ಕೆ ಚಾಚುವ ಲೆನ್ಸುಗಳಲ್ಲಿ 24ರಿಂದ 70ಕ್ಕೆ ಹೋದರೆ ಮುಂಭಾರವಾಗುತ್ತದೆ. ಒಳಗೇ ಜೂಮ್ ಆಗುವ ಲೆನ್ಸ್ ಇದ್ದವರಿಗೆ ಈ ತಲೆನೋವು ತೀರಾ ಕಡಿಮೆ.

ತಳದ ಪ್ಲೇಟಿನ ತಿರುಪು ಸಡಿಲ ಬಿಡುವುದು. ಕ್ಯಾಮೆರಾ ಗಿಂಬಲ್ಲಿನ ಮೇಲೆ ಕೂದಲೆಳೆಯಷ್ಟು ಅಲುಗಿದರೂ ಮೋಟರ್ ಗಾಬರಿಯಾಗಿ ಗಡಗಡ ನಡುಗುತ್ತದೆ. ಮೋಟರ್ ನಡುಗಿದಾಗ ಸೆಟ್ಟಿಂಗ್ ಹುಡುಕುವ ಮೊದಲು ತಿರುಪು ಮುಟ್ಟಿ ನೋಡಿ.

ಲಾಕ್ ಬಿಡಿಸದೆ ಆನ್ ಮಾಡುವುದು. ಮೋಟರ್ ಲಾಕಿನ ವಿರುದ್ಧ ತಳ್ಳುತ್ತದೆ. ಒಂದೆರಡು ಸಲ ಆದರೆ ಸಹಿಸುತ್ತದೆ, ಅಭ್ಯಾಸವಾದರೆ ರಿಪೇರಿ ಬರುತ್ತದೆ.

ಎಲ್ಲ ಶಾಟನ್ನೂ ತೇಲಿಸುವುದು. ಇದು ಯಂತ್ರದ ತಪ್ಪಲ್ಲ, ರುಚಿಯ ತಪ್ಪು. ಧಾರೆ ಎರೆಯುವಾಗ ಕ್ಯಾಮೆರಾ ಸುಮ್ಮನೆ ನಿಂತಿದ್ದರೆ ಸಾಕು, ಸುತ್ತ ಪ್ರದಕ್ಷಿಣೆ ಹಾಕಬೇಕಿಲ್ಲ. ಪುರೋಹಿತರಿಗೂ ಕಿರಿಕಿರಿ.

ನಿಮಗಿದು ಬೇಕೇ ಎಂಬ ಪ್ರಶ್ನೆ

ಇವತ್ತಿನ ಫೋನ್, ಆಕ್ಷನ್ ಕ್ಯಾಮೆರಾಗಳು ಫ್ರೇಮನ್ನು ಅಂಚಿನಲ್ಲಿ ಕತ್ತರಿಸಿ ಸಾಫ್ಟ್‌ವೇರಿನಿಂದಲೇ ಚಿತ್ರವನ್ನು ಸ್ಥಿರಗೊಳಿಸುತ್ತವೆ. ಹಗಲಲ್ಲಿ ಅದು ಎಷ್ಟೋ ಗಿಂಬಲ್ಲುಗಳನ್ನು ನಾಚಿಸುತ್ತದೆ. ಸೋಲುವುದು ಕತ್ತಲಲ್ಲಿ. ಬೆಳಕು ಕಡಿಮೆಯಾದಾಗ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಕ್ಯಾಮೆರಾ ಅಲುಗಿ ಪ್ರತಿ ಫ್ರೇಮೂ ಮಸುಕಾಗಿರುತ್ತದೆ. ಸಾಫ್ಟ್‌ವೇರ್ ಫ್ರೇಮನ್ನು ಜಾಗಕ್ಕೆ ತರಬಲ್ಲದೇ ಹೊರತು ಮಸುಕನ್ನು ಅಳಿಸಲಾರದು. ಗಿಂಬಲ್ ಕ್ಯಾಮೆರಾವನ್ನೇ ತಿರುಗದಂತೆ ಹಿಡಿಯುವುದರಿಂದ ಆ ಮಸುಕು ಹುಟ್ಟುವುದೇ ಕಡಿಮೆ. ರಾತ್ರಿಯ ಆರತಕ್ಷತೆ, ಯಕ್ಷಗಾನದ ರಂಗಸ್ಥಳ, ದೀಪೋತ್ಸವ ಇಂಥವು ನಿಮ್ಮ ಕೆಲಸವಾದರೆ ಗಿಂಬಲ್ ಬೇಕು. ಹಗಲಿನ ಪ್ರವಾಸದ ವಿಡಿಯೊಗಳಷ್ಟೇ ಆದರೆ ಫೋನ್ ಸಾಕು. ಎರಡರ ನಡುವೆ ಇರುವವರು 2023ರ ಅಕ್ಟೋಬರ್‌ನಲ್ಲಿ ಬಂದ ಓಸ್ಮೊ ಪಾಕೆಟ್ 3 ಕ್ಯಾಮೆರಾ ನೋಡಬಹುದು. ಒಂದು ಇಂಚಿನ ವರ್ಗದ ಸೆನ್ಸರ್, ಮೂರು ಅಕ್ಷದ ಗಿಂಬಲ್ ಎರಡೂ ಸೇರಿ 179 ಗ್ರಾಂ. ಬ್ಯಾಲೆನ್ಸ್ ಮಾಡುವ ಕೆಲಸವೇ ಇಲ್ಲ, ಲೆನ್ಸ್ ಬದಲಿಸುವ ಅವಕಾಶವೂ ಇಲ್ಲ.

ಎಚ್ಚರಿಕೆಗಳು

ಫೋನನ್ನು ಬೈಕಿನ ಹ್ಯಾಂಡಲ್ಲಿಗೆ ಕಟ್ಟಿ ಶೂಟ್ ಮಾಡಬೇಡಿ. ಹೆಚ್ಚು ಶಕ್ತಿಯ ಮೋಟರ್‌ಸೈಕಲ್ ಎಂಜಿನ್ನಿನ ಕಂಪನದಿಂದ ಐಫೋನ್ ಕ್ಯಾಮೆರಾದ ಸ್ಟೆಬಿಲೈಸೇಶನ್ ಹಾಳಾಗಬಹುದೆಂದು ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿದೆ.

ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ಬ್ಯಾಟರಿ ಒಳಗೇ ಇರುವ ಗಿಂಬಲ್ಲನ್ನೂ ಜೊತೆಗೇ ಒಯ್ಯುವುದು ಕ್ಷೇಮ. ಕಡಲತೀರದಲ್ಲಿ ಉಪ್ಪುಗಾಳಿಯೂ ಮರಳೂ ಮೋಟರಿನ ಸಂದಿಗೆ ಹೋಗುತ್ತವೆ, ಮರಳ ಮೇಲೆ ಗಿಂಬಲ್ ಇಡಬೇಡಿ. ಹಂಪಿ, ಬಾದಾಮಿ, ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಕೆಗೂ ವೃತ್ತಿಪರ ಚಿತ್ರೀಕರಣಕ್ಕೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಗಿಂಬಲ್ ಕಂಡರೆ ಕಾವಲುಗಾರರು ವೃತ್ತಿಪರರೆಂದೇ ತಿಳಿದು ತಡೆಯುವ ಸಂಭವ ಹೆಚ್ಚು. ಹೊರಡುವ ಮುನ್ನ ವಿಚಾರಿಸಿ.

ಹೊಸದು ಕೊಂಡರೆ ಜಿಎಸ್‌ಟಿ ಬಿಲ್ಲು ಪಡೆಯಿರಿ, ರಿಪೇರಿ ಎಲ್ಲಿ ಆಗುತ್ತದೆ ಎಂದು ಬಾಯಿಬಿಟ್ಟು ಕೇಳಿ. ಕೆಲವು ಗಿಂಬಲ್ಲುಗಳನ್ನು ಫೋನಿನ ಆಪ್ ಮೂಲಕ ಸಕ್ರಿಯಗೊಳಿಸಬೇಕಾಗುತ್ತದೆ. ಅಂಗಡಿಯಲ್ಲೇ ಮಾಡಿಸಿಕೊಂಡು ಬನ್ನಿ. ಹಳೆಯದು ಕೊಳ್ಳುವವರು ಆಫ್ ಸ್ಥಿತಿಯಲ್ಲಿ ಮೂರೂ ಅಕ್ಷಗಳನ್ನು ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಎಲ್ಲಾದರೂ ತಡೆದಂತೆ, ಗೀಚಿದಂತೆ ಅನಿಸಿದರೆ ಮೋಟರ್ ಪೆಟ್ಟು ತಿಂದಿದೆ. ತಿರುಪುಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಪೂರ್ತಿ ತುಂಬಿಸಿ, ನಿಮ್ಮ ಕ್ಯಾಮೆರಾ ಹಾಕಿ, ಅರ್ಧ ಗಂಟೆ ಓಡಿಸಿ. ಶೇಕಡಾ ಎಷ್ಟು ಇಳಿಯಿತು, ಯಾವ ಮೋಟರ್ ಬಿಸಿಯಾಯಿತು ಎಂದು ಮುಟ್ಟಿ ನೋಡಿ. ಅಷ್ಟು ಹೊತ್ತು ಕಾಯಲು ಮಾರುವವರು ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ.